ಮಗಳಿಗೊಂದು ಪತ್ರ: ಹಳೇ ಪೆನ್ನು ಕೊಳ್ಳುವ ಮುನ್ನ

ಪುಟ್ಟಿ,

ಹಳೇ ಫೌಂಟನ್ ಪೆನ್ನು ಕೂಡಿಸುತ್ತೇನೆ ಅಂದಿದ್ದೀಯ. ಧಾರಾಳವಾಗಿ ಕೂಡಿಸು. ಆದರೆ ಕೈಗೆ ಬಂದದ್ದನ್ನು ಬರೆಯುವ ಸ್ಥಿತಿಗೆ ತರಲು ಬಾರದಿದ್ದರೆ ಇಪ್ಪತ್ತಿದ್ದರೂ ಅಷ್ಟೇ, ಇನ್ನೂರಿದ್ದರೂ ಅಷ್ಟೇ.

ಮೊದಲು ನೋಡಬೇಕಾದದ್ದು ಇಂಕು ತುಂಬುವ ಬಗೆ. ಮೈಮೇಲೆ ಸಣ್ಣ ಲಿವರ್ ಇದ್ದರೆ ಒಳಗೆ ರಬ್ಬರ್ ಚೀಲ ಇರುತ್ತದೆ. ಹಳೇ ಚೀಲ ಒಂದೋ ಕಲ್ಲಾಗಿರುತ್ತದೆ, ಇಲ್ಲವೇ ಅಂಟಂಟಾಗಿರುತ್ತದೆ. ಲಿವರ್ ಏಳದಿದ್ದರೆ ಬಲವಂತ ಮಾಡಬೇಡ. ಗಟ್ಟಿ ಚೀಲಕ್ಕೆ ಒತ್ತಿಕೊಂಡು ಲಿವರೇ ಬಾಗುತ್ತದೆ, ಕೆಲವೊಮ್ಮೆ ಮೈ ಸೀಳುತ್ತದೆ. ಹೊಸ ಚೀಲ ಕೂರಿಸುವಾಗ ಶೆಲ್ಯಾಕ್, ಅಂದರೆ ಅರಗಿನ ಅಂಟು, ಬಳಸು, ಸೂಪರ್ ಗ್ಲೂ ಬೇಡವೇ ಬೇಡ. ಶೆಲ್ಯಾಕ್ ಆದರೆ ಮುಂದೆ ಹದವಾಗಿ ಬಿಸಿ ತಾಗಿಸಿದಾಗ ಬಿಟ್ಟುಕೊಡುತ್ತದೆ.

ಶುರುವಿಗೆ ನನ್ನ ಕೇಳಿದರೆ ಪಾರ್ಕರ್ 51. ಅದು ಮಾರುಕಟ್ಟೆಗೆ ಬಂದದ್ದು 1941ರಲ್ಲಿ, ಆದರೆ ನೀನು ಹುಡುಕಬೇಕಾದದ್ದು 1948ರಿಂದ ಬಂದ, ಒಳಗಿನ ಚೀಲ ಒತ್ತಿ ಇಂಕು ತುಂಬುವ ಏರೋಮೆಟ್ರಿಕ್ ಮಾದರಿ. ಅದರ ಚೀಲ ರಬ್ಬರಿನದ್ದಲ್ಲ, ಪ್ಲಾಸ್ಟಿಕ್ಕಿನದು. ಬಹುತೇಕ ಪೆನ್ನುಗಳಲ್ಲಿ ಇವತ್ತಿಗೂ ಮೆತ್ತಗೇ ಇರುತ್ತದೆ. ಅದಕ್ಕೂ ಹಿಂದಿನ, ಹಿಂಬದಿಯ ಗುಂಡಿ ಒತ್ತಿ ಇಂಕು ಎಳೆಯುವ ವ್ಯಾಕ್ಯುಮ್ಯಾಟಿಕ್ ಮಾದರಿಗಾದರೆ ಒಳಗಿನ ರಬ್ಬರ್ ಪೊರೆ (ಡಯಾಫ್ರಮ್) ಬದಲಿಸಬೇಕು, ಅದಕ್ಕೆ ಬೇರೆಯದೇ ಸಲಕರಣೆ ಬೇಕು.

ತೊಳೆಯುವುದಕ್ಕೆ ತಣ್ಣೀರು ಸಾಕು. ನಿಬ್ಬು ಮುಳುಗಿಸಿ ನೀರು ಒಳಗೆಳೆ, ಹೊರಗೆ ಬಿಡು. ನೀರು ತಿಳಿಯಾಗುವವರೆಗೂ ಇದೇ ಕೆಲಸ. ಆಮೇಲೂ ಬಣ್ಣ ಬರುತ್ತಿದ್ದರೆ ನಿಬ್ಬಿನ ಭಾಗವನ್ನಷ್ಟೇ ರಾತ್ರಿಯಿಡೀ ನೆನೆಹಾಕು. ಜಗ್ಗದ ಇಂಕಿಗೆ ಹತ್ತು ಪಾಲು ನೀರಿಗೆ ಒಂದು ಪಾಲು ಮನೆಬಳಕೆಯ ಅಮೋನಿಯಾ, ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ತೊಟ್ಟು. ಆಮೇಲೆ ಬರೀ ನೀರಲ್ಲಿ ಚೆನ್ನಾಗಿ ಜಾಲಿಸು. ಎಬೊನೈಟ್ (ಗಟ್ಟಿ ರಬ್ಬರ್) ಮೈಯ ಪೆನ್ನನ್ನು ಮಾತ್ರ ಪೂರ್ತಿ ಮುಳುಗಿಸಬೇಡ, ಬಿಸಿಲು ನೀರು ಎರಡಕ್ಕೂ ಅದರ ಕಪ್ಪು ಕಂದಾಗುತ್ತದೆ. ಸ್ಪಿರಿಟ್ ಯಾವುದಕ್ಕೂ ಹಾಕಬೇಡ, ಹಳೇ ಪೆನ್ನುಗಳ ಮೈಗೆ ಬಳಸುತ್ತಿದ್ದ ಸೆಲ್ಯುಲಾಯ್ಡ್ ಎಂಬ ಪ್ಲಾಸ್ಟಿಕ್ ಕರಗುತ್ತದೆ.

ಇನ್ನು ನಿಬ್ಬು. ಎಲ್ಲರೂ ಎಡವುವುದು ಇಲ್ಲೇ. ಕಾಗದ ಕೆರೆಯಿತು ಅಂದಕೂಡಲೇ ಸ್ಯಾಂಡ್ ಪೇಪರ್ ಹಿಡಿಯುತ್ತಾರೆ. ತುದಿಯಲ್ಲಿರುವ ಆ ಗಟ್ಟಿ ಲೋಹದ ಗುಂಡು ಸಾಸಿವೆಗಿಂತ ಸಣ್ಣದು, ಸವೆದರೆ ಹೋಯಿತು. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ ತಗೊಂಡು ತುದಿಯನ್ನು ನೇರ ಎದುರಿನಿಂದ ನೋಡು. ಸೀಳಿನ ಎರಡು ಕಡ್ಡಿಗಳು ಒಂದೇ ಮಟ್ಟದಲ್ಲಿವೆಯಾ? ಒಂದೇ ದಿಕ್ಕಿಗೆ ಎಳೆದಾಗ ಕೆರೆಯುತ್ತಿದ್ದರೆ ಬಹುಮಟ್ಟಿಗೆ ಒಂದು ಕಡ್ಡಿ ಇಳಿದಿರುತ್ತದೆ. ಇಳಿದದ್ದನ್ನು ಉಗುರಿನಿಂದ ಕೆಳಗಿನಿಂದ ಮೆಲ್ಲಗೆ ಎತ್ತು, ಮತ್ತೆ ನೋಡು, ಮತ್ತೆ ಎತ್ತು. ಪಾರ್ಕರ್ 51ರ ನಿಬ್ಬು ಮುಸುಕಿನೊಳಗೆ ಇರುವುದರಿಂದ ಈ ಕೆಲಸ ಅದರಲ್ಲಿ ಸ್ವಲ್ಪ ತ್ರಾಸು. ಬೆಣ್ಣೆಯಂತೆ ಜಾರಿಯೂ ಮೊದಲ ಗೀಟು ಮೂಡದಿದ್ದರೆ ಯಾರೋ ಅತಿಯಾಗಿ ಉಜ್ಜಿದ್ದಾರೆ ಅಂತ ತಿಳಿ. ಸೀಳಿನ ಒಳ ಅಂಚು ದುಂಡಾಗಿ ಇಂಕು ಕಾಗದ ಮುಟ್ಟುವುದಿಲ್ಲ. ಅದನ್ನು ಕೈ ಪಳಗಿದವರಿಗೇ ಬಿಡು.

ಇಂಕು ಸಾದಾ ನೀಲಿಯೇ ಇರಲಿ. ಚಿತ್ರಕಾರರ ಇಂಡಿಯಾ ಇಂಕ್ ಹಾಕಿದರೆ ನಿಬ್ಬಿನಡಿ ಇಂಕು ಹರಿಸುವ ನಾಲಗೆಯ ಗೀರುಗಳಲ್ಲಿ ಒಣಗಿ ಕೂರುತ್ತದೆ, ನೀರಿಗೆ ಬಿಡುವುದಿಲ್ಲ.

ಅಂಚೆಯಲ್ಲಿ ತರಿಸುವುದಾದರೆ ಮಾರುವವರ ಹತ್ತಿರ ಎರಡು ಫೋಟೊ ಕೇಳು: ನಿಬ್ಬಿನ ತುದಿ ಎದುರಿನಿಂದ, ಕ್ಯಾಪಿನ ಬಾಯಿ ಬೆಳಕಿಗೆ ಹಿಡಿದು. ಕೂದಲೆಳೆಯಂಥ ಬಿರುಕು ಹೆಚ್ಚಾಗಿ ಆ ಬಾಯಲ್ಲೇ ಇರುತ್ತದೆ. ಕಳಿಸಲು ಮೀನಮೇಷ ಎಣಿಸಿದರೆ ಆ ಪೆನ್ನು ಬಿಟ್ಟುಬಿಡು.

ನಿನ್ನ
ಅಪ್ಪ