ಉರುಳಿದ ವಿಮಾನಗಳ ಲೆಕ್ಕ ಮತ್ತು ನಮ್ಮ ಸುದ್ದಿಮನೆ

ಮಾನ್ಯರೇ,

2025ರ ಮೇ ತಿಂಗಳ ಆಪರೇಷನ್ ಸಿಂಧೂರದಲ್ಲಿ ಪಾಕಿಸ್ತಾನದ ಐದು ಯುದ್ಧವಿಮಾನ ಹಾಗೂ ಒಂದು ದೊಡ್ಡ ವಿಮಾನವನ್ನು ಹೊಡೆದುರುಳಿಸಿದ್ದೇವೆ ಎಂದು ವಾಯುಪಡೆ ಮುಖ್ಯಸ್ಥ ಏರ್ ಚೀಫ್ ಮಾರ್ಷಲ್ ಎ.ಪಿ. ಸಿಂಗ್ ಹೇಳಿದ್ದು ಬೆಂಗಳೂರಿನಲ್ಲಿ, 2025ರ ಆಗಸ್ಟ್ 9ರಂದು. ದೊಡ್ಡ ವಿಮಾನದ ಬಗ್ಗೆ ಅವರು ಅಳೆದು ತೂಗಿ ಮಾತಾಡಿದ್ದರು: ಅದು ಎಲೆಕ್ಟ್ರಾನಿಕ್ ಬೇಹುಗಾರಿಕೆಯ ವಿಮಾನ ಇರಬಹುದು, ಇಲ್ಲವೇ ಮುನ್ನೆಚ್ಚರಿಕೆ ರೇಡಾರ್ ಹೊತ್ತ ವಿಮಾನ ಇರಬಹುದು, ಹೊಡೆದದ್ದು ಸುಮಾರು 300 ಕಿ.ಮೀ. ದೂರದಿಂದ. ಬಹುತೇಕ ತಲೆಬರಹಗಳಲ್ಲಿ ಆ ‘ಇರಬಹುದು’ ಉದುರಿಹೋಗಿತ್ತು. ಪಾಕ್ ರಕ್ಷಣಾ ಸಚಿವ ಖ್ವಾಜಾ ಆಸಿಫ್ ಇದನ್ನು ಸಾರಾಸಗಟಾಗಿ ಅಲ್ಲಗಳೆದರು. ಎರಡೂ ದೇಶಗಳು ತಮ್ಮ ವಿಮಾನಗಳ ದಾಸ್ತಾನನ್ನು ಸ್ವತಂತ್ರ ತಪಾಸಣೆಗೆ ತೆರೆಯಲಿ ಎಂದರು. ಆ ಮಾತು ನಮ್ಮಲ್ಲಿ ವರದಿಯ ಬಾಲಕ್ಕೆ ಅಂಟಿಕೊಂಡಿತು. ಗಡಿಯಾಚೆ ಅದೇ ತಲೆಯಾಯಿತು.

ವಿಮಾನ ಉರುಳಿದೆ ಎಂದು ಗೊತ್ತಾಗುವುದು ಹೇಗೆ ಎಂಬುದನ್ನು ಓದುಗರಿಗೆ ಯಾರೂ ಬಿಡಿಸಿ ಹೇಳಿದಂತಿಲ್ಲ. 300 ಕಿ.ಮೀ. ಆಚೆ ಬಿದ್ದ ವಿಮಾನದ ಅವಶೇಷ ಶತ್ರುವಿನ ನೆಲದಲ್ಲಿರುತ್ತದೆ, ಹೊಡೆದವನ ಕೈಗೆ ಸಿಗುವುದಿಲ್ಲ. ಹೊಡೆದವನ ಬಳಿ ಇರುವುದು ರೇಡಾರ್ ತೆರೆಯ ಮೇಲಿನ ಗುರುತು, ಕ್ಷಿಪಣಿ ಕಳಿಸಿದ ಸಂಕೇತ, ಕದ್ದಾಲಿಸಿದ ರೇಡಿಯೊ ಮಾತು. ಗುರುತು ಮಾಯವಾದ ಮಾತ್ರಕ್ಕೆ ವಿಮಾನ ಬಿತ್ತು ಎನ್ನಲಾಗದು. ಭೂಮಿ ದುಂಡಗಿರುವುದರಿಂದ 300 ಕಿ.ಮೀ. ದೂರದಲ್ಲಿ ಸುಮಾರು ಐದು ಕಿ.ಮೀ. ಎತ್ತರಕ್ಕಿಂತ ಕೆಳಗಿಳಿದ ವಿಮಾನ ನೆಲದ ರೇಡಾರ್‌ಗೆ ಕಾಣುವುದೇ ಇಲ್ಲ. ಕ್ಷಿಪಣಿ ಬರುವುದು ಗೊತ್ತಾದ ಪೈಲಟ್ ಮೊದಲು ಮಾಡುವ ಕೆಲಸವೂ ಕೆಳಕ್ಕೆ ಧುಮುಕುವುದೇ. ವಾಯುಪಡೆ ಹೇಳಿದ್ದು ಸುಳ್ಳು ಎಂದು ಇದರ ಅರ್ಥವಲ್ಲ. ಅವರ ಬಳಿ ಇನ್ನೂ ಗಟ್ಟಿ ಸಾಕ್ಷ್ಯ ಇದ್ದೀತು. ಆದರೆ ಪತ್ರಿಕೆ ಅದನ್ನು ನೋಡಿಲ್ಲ. ನೋಡಿಲ್ಲ ಎಂಬುದನ್ನು ವರದಿಯಲ್ಲಿ ಒಂದು ಸಾಲು ಬರೆಯಬೇಕು. ಈ ಪತ್ರದ ಬೇಡಿಕೆ ಅಷ್ಟೇ.

ಆಚೆಯವರ ಲೆಕ್ಕವನ್ನು ಜಾಲಾಡಲು ನಮ್ಮ ಮಾಧ್ಯಮಕ್ಕೆ ಉತ್ಸಾಹ ಇದ್ದೇ ಇದೆ, ಅದು ಸರಿಯೂ ಹೌದು. ಮೇ 7ರಂದು ಐದು ಭಾರತೀಯ ವಿಮಾನ ಉರುಳಿಸಿದ್ದೇವೆ ಎಂದವರು ಆಮೇಲೆ ಆರು ಎಂದರು, ಸೆಪ್ಟೆಂಬರ್‌ನಲ್ಲಿ ಅವರ ಪ್ರಧಾನಿ ವಿಶ್ವಸಂಸ್ಥೆಯಲ್ಲಿ ಏಳು ಎಂದರು. ಸಿಎನ್‌ಎನ್ ವಾಹಿನಿ ಪುರಾವೆ ಕೇಳಿದಾಗ ಖ್ವಾಜಾ ಆಸಿಫ್ ತೋರಿಸಿದ್ದು ಸಾಮಾಜಿಕ ಜಾಲತಾಣದ ಕಡೆಗೆ. ವಿದೇಶಾಂಗ ಸಚಿವ ಇಶಾಕ್ ದಾರ್ ಅವರಂತೂ ಬ್ರಿಟನ್ನಿನ ಡೈಲಿ ಟೆಲಿಗ್ರಾಫ್ ಪತ್ರಿಕೆ ತಮ್ಮ ವಾಯುಪಡೆಯನ್ನು ಹಾಡಿ ಹೊಗಳಿದೆ ಎಂದು ಸೆನೆಟ್‌ನಲ್ಲೇ ಹೇಳಿಬಿಟ್ಟರು. ಅವರು ನಂಬಿದ ಆ ಪತ್ರಿಕೆಯ ಮುಖಪುಟದ ಚಿತ್ರ ನಕಲಿ. ಅದು ನಕಲಿ ಎಂದು ಬರೆದದ್ದು ಪಾಕಿಸ್ತಾನದ್ದೇ ‘ಡಾನ್’ ಪತ್ರಿಕೆ ಎಂಬುದನ್ನು ಗಮನಿಸಬೇಕು. ಸ್ವಂತ ಸಚಿವನ ಸುಳ್ಳನ್ನು ಸಂಘರ್ಷದ ಬಿಸಿ ಆರುವ ಮೊದಲೇ ಬಯಲಿಗೆಳೆದ ಆ ಡೆಸ್ಕಿಗೆ ಒಂದು ಸಲಾಂ.

ನಮ್ಮ ಕಡೆ? ನಷ್ಟ ಯುದ್ಧದ ಭಾಗ ಎಂದಷ್ಟೇ ಏರ್ ಮಾರ್ಷಲ್ ಎ.ಕೆ. ಭಾರ್ತಿ ಮೇ 11ರಂದು ಹೇಳಿದರು. ವಿಮಾನ ಬಿದ್ದದ್ದು ನಿಜ ಎಂದು ಸೇನಾಪಡೆಗಳ ಮುಖ್ಯಸ್ಥ ಜನರಲ್ ಅನಿಲ್ ಚೌಹಾಣ್ ಒಪ್ಪಿಕೊಂಡದ್ದು ಮೇ 31ರಂದು, ಅದೂ ಸಿಂಗಪುರದಲ್ಲಿ, ವಿದೇಶಿ ಸುದ್ದಿಸಂಸ್ಥೆಯೊಂದರ ಎದುರು. ಎಷ್ಟು ಎಂದು ಹೇಳಲಿಲ್ಲ. ಆರು ಎಂಬ ಪಾಕ್ ಲೆಕ್ಕ ತಪ್ಪು ಎಂದರು. ಈ ನಡುವಿನ ಮೂರು ವಾರ ಪ್ರಶ್ನೆ ಕೇಳಿದವರಿಗೆಲ್ಲ ದೇಶದ್ರೋಹಿ ಪಟ್ಟ ಸಿಕ್ಕಿತ್ತು. ಜುಲೈನಲ್ಲಿ ಡೊನಾಲ್ಡ್ ಟ್ರಂಪ್ ಐದು ವಿಮಾನ ಬಿದ್ದಿವೆ ಎಂದರು, ಯಾರವು ಎಂದು ಹೇಳಲಿಲ್ಲ. ಎರಡೂ ದೇಶಗಳ ಸ್ಟುಡಿಯೊಗಳು ಅದನ್ನು ತಮಗೆ ಬೇಕಾದ ಖಾತೆಗೆ ಜಮಾ ಮಾಡಿಕೊಂಡವು.

ಇನ್ನು ಮೇ 8ರ ರಾತ್ರಿ. ಐಎನ್‌ಎಸ್ ವಿಕ್ರಾಂತ್ ಕರಾಚಿ ಬಂದರನ್ನು ಧ್ವಂಸ ಮಾಡಿತು, ಇಸ್ಲಾಮಾಬಾದ್ ಕೈವಶ, ಪಾಕ್ ಸೇನಾ ಮುಖ್ಯಸ್ಥ ಆಸಿಮ್ ಮುನೀರ್ ಬಂಧನ ಎಂದೆಲ್ಲ ರಾಷ್ಟ್ರೀಯ ವಾಹಿನಿಗಳು ಕೂಗಿದವು. ಅದನ್ನೇ ಇಳಿಸಿಕೊಂಡು ಕನ್ನಡದ ತೆರೆಗಳಲ್ಲೂ ಪಟ್ಟಿ ಓಡಿತು. 1971ರ ಡಿಸೆಂಬರ್‌ನಲ್ಲಿ ನಮ್ಮ ಕ್ಷಿಪಣಿ ದೋಣಿಗಳು ಕರಾಚಿಗೆ ನಿಜಕ್ಕೂ ಬೆಂಕಿ ಇಟ್ಟಿದ್ದವು, ಹಾಗಾಗಿ ನಂಬುವುದು ಸುಲಭವಾಯಿತು. ಆದರೆ ವಿಕ್ರಾಂತ್ ಬಂದರಿನ ಮೇಲೆ ಗುಂಡು ಸುರಿಸುವ ಹಡಗಲ್ಲ. ಅದರ ಆಯುಧ ಎಂದರೆ ಅದರ ಮೇಲಿಂದ ಏಳುವ ವಿಮಾನಗಳು. ರಕ್ಷಣಾ ವರದಿಗಾರಿಕೆಯ ಗಾಳಿಗಂಧ ಇದ್ದವರಿಗೂ ಅಲ್ಲೇ ಅನುಮಾನ ಬರಬೇಕಿತ್ತು. ಮೂರು ದಿನದ ಬಳಿಕ ವೈಸ್ ಅಡ್ಮಿರಲ್ ಎ.ಎನ್. ಪ್ರಮೋದ್ ಅವರು ನೌಕಾಪಡೆ ಕರಾಚಿ ಸೇರಿದಂತೆ ಗುರಿಗಳನ್ನು ಹೊಡೆಯಲು ಸಜ್ಜಾಗಿ ನಿಂತಿತ್ತು ಎಂದರು. ಸಜ್ಜಾಗಿತ್ತು ಎಂದರೆ ಹೊಡೆದಿರಲಿಲ್ಲ.

ಆ ರಾತ್ರಿ ಕರಾಚಿ ಎಂದು ತೋರಿಸಿದ ಬೆಂಕಿಯ ದೃಶ್ಯಗಳಲ್ಲಿ ಒಂದು, ಜನವರಿ 31ರಂದು ಅಮೆರಿಕದ ಫಿಲಡೆಲ್ಫಿಯಾದಲ್ಲಿ ಬಿದ್ದ ಏರ್ ಆಂಬ್ಯುಲೆನ್ಸಿನದು. ಇದನ್ನು ಹಿಡಿಯಲು ಹತ್ತು ನಿಮಿಷ ಸಾಕು. ವಿಡಿಯೊದಿಂದ ಮೂರು ನಾಲ್ಕು ಸ್ಥಿರಚಿತ್ರ ತೆಗೆದು, ಚಿತ್ರ ಕೊಟ್ಟರೆ ಅದರ ಮೂಲ ಹುಡುಕಿಕೊಡುವ ಗೂಗಲ್ ಲೆನ್ಸ್‌ನಲ್ಲೂ ಯಾಂಡೆಕ್ಸ್‌ನಲ್ಲೂ ಹುಡುಕಬೇಕು. ಬಹಳ ಜನ ಎಡವುವುದು ಇಲ್ಲೇ: ವಾಹಿನಿಯ ಲಾಂಛನ, ಕೆಳಗಿನ ಅಕ್ಷರದ ಪಟ್ಟಿ ಎಲ್ಲವನ್ನೂ ಸೇರಿಸಿ ಹುಡುಕಿದರೆ ಯಂತ್ರ ಆ ಪಟ್ಟಿಯನ್ನೇ ಹಿಡಿದು ಅದೇ ವಾಹಿನಿಯ ಪುಟಗಳನ್ನು ತಂದು ಸುರಿಯುತ್ತದೆ. ಪಟ್ಟಿಯನ್ನು ಕತ್ತರಿಸಿ, ಬೆಂಕಿಯನ್ನೂ ಬಿಟ್ಟು, ಕಟ್ಟಡ, ಬೀದಿದೀಪ, ಅಂಗಡಿ ಫಲಕ ಇರುವ ಭಾಗವನ್ನು ಕೊಡಬೇಕು. ಬೆಂಕಿ ಎಲ್ಲ ಊರಲ್ಲೂ ಒಂದೇ ಥರ. ಸಿಗದಿದ್ದರೆ ಚಿತ್ರವನ್ನು ಎಡಬಲ ತಿರುಗಿಸಿ ಮತ್ತೆ ಹುಡುಕಬೇಕು, ಹಳೆಯ ವಿಡಿಯೊಗಳನ್ನು ಕನ್ನಡಿಬಿಂಬ ಮಾಡಿ ಬಿಡುವುದು ಮಾಮೂಲಿ.

ಬಂದರು ಹೊತ್ತಿ ಉರಿದಿದ್ದರೆ ಉಪಗ್ರಹಗಳು ಕಂಡ ಬೆಂಕಿಯನ್ನು ತೋರಿಸುವ ನಾಸಾದ ಫರ್ಮ್ಸ್ ನಕ್ಷೆಯಲ್ಲಿ ಬೆಳಗಾಗುವಷ್ಟರಲ್ಲಿ ಶಾಖದ ಚುಕ್ಕೆಗಳು ಕಾಣುವ ಸಾಧ್ಯತೆ ಹೆಚ್ಚು. ಉಪಗ್ರಹದ ಮೇಲಿರುವ ವೀರ್ಸ್ ಉಪಕರಣ 375 ಮೀಟರಿನ ಚೌಕಗಳಲ್ಲಿ ಬೆಂಕಿ ಗುರುತಿಸುತ್ತದೆ, ಉಪಗ್ರಹಗಳು ನಸುಕಿನ ಒಂದೂವರೆಯ ಆಸುಪಾಸು ಹಾಯುತ್ತವೆ, ಮಾಹಿತಿ ಸುಮಾರು ಮೂರು ಗಂಟೆಯೊಳಗೆ ಜಾಲತಾಣಕ್ಕೆ ಬರುತ್ತದೆ. ಮೋಡ ಇದ್ದರೆ ಕಾಣದು. ಕರಾಚಿಯಂತಹ ಊರಿನಲ್ಲಿ ತೈಲ ಸಂಸ್ಕರಣಾಗಾರದ ಜ್ವಾಲೆಯೂ ಚುಕ್ಕೆಯಾಗಿ ಬರಬಹುದು, ಹಾಗಾಗಿ ಹಿಂದಿನ ವಾರದ ನಕ್ಷೆಯನ್ನು ಪಕ್ಕದಲ್ಲಿಟ್ಟು ನೋಡಬೇಕು. ಹಡಗುಗಳ ಓಡಾಟದ ನಕ್ಷೆಯನ್ನೂ ನೋಡಬಹುದು, ಆದರೆ ಸಂಘರ್ಷದ ಹೊತ್ತಿನಲ್ಲಿ ಜಿಪಿಎಸ್ ಸಂಕೇತ ಕೆಡಿಸುವುದರಿಂದ ಹಡಗುಗಳು ಒಣನೆಲದ ಮೇಲೂ ಕಾಣಿಸುತ್ತವೆ. ಕರಾಚಿ ಬಂದರು ಮಂಡಳಿಯ ಎಕ್ಸ್ ಖಾತೆಯಲ್ಲೇ ಹಾನಿಯಾಗಿದೆ ಎಂದು ಬಂದಿತ್ತಲ್ಲ ಎಂದು ಕೆಲವರು ಕೇಳಿದರು. ಖಾತೆ ಹ್ಯಾಕ್ ಆಗಿತ್ತೆಂದು ಮಂಡಳಿ ಹೇಳಿತು. ಅಧಿಕೃತ ಖಾತೆ ಎಂದ ಮಾತ್ರಕ್ಕೆ ಎರಡನೇ ಸಾಕ್ಷಿ ಬೇಡ ಎಂದಲ್ಲ. ಪಾಕ್ ಸರ್ಕಾರದ ಅಧಿಕೃತ ಖಾತೆ ಹಂಚಿದ್ದ ಸಮರದ ದೃಶ್ಯ ‘ಆರ್ಮಾ 3’ ಎಂಬ ಕಂಪ್ಯೂಟರ್ ಆಟದ್ದಾಗಿತ್ತು. ಇಂತಹ ತುಣುಕು ಸಾಮಾನ್ಯವಾಗಿ ರಾತ್ರಿಯದೇ ಆಗಿರುತ್ತದೆ, ಮಸುಕಾಗಿರುತ್ತದೆ, ಅಲುಗಾಡುತ್ತದೆ, ಮನುಷ್ಯರ ಸುಳಿವಿರುವುದಿಲ್ಲ. ಆಟ ತಯಾರಿಸಿದ ಚೆಕ್ ಕಂಪನಿಯೇ 2022ರಲ್ಲಿ ಇವುಗಳನ್ನು ಗುರುತಿಸುವ ಬಗೆಯನ್ನು ಪ್ರಕಟಿಸಿದೆ.

ಭಾರತದ ವಿದ್ಯುತ್ ಜಾಲದ ಶೇ 70ರಷ್ಟನ್ನು ಸೈಬರ್ ದಾಳಿಯಲ್ಲಿ ಕೆಡವಿದ್ದೇವೆ ಎಂಬ ಸುದ್ದಿಯನ್ನೂ ಆಚೆಯಿಂದ ಹರಿಯಬಿಟ್ಟರು. ಇದನ್ನು ತಾಳೆ ನೋಡಲು ದೆಹಲಿಗೆ ಫೋನೂ ಬೇಕಿರಲಿಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕೆ.ವಿ. ಮಾರ್ಗದ ಮೂಲಕ ದಕ್ಷಿಣದ ಜಾಲ ಉಳಿದ ದೇಶದ ಜೊತೆ ಬೆಸೆದುಕೊಂಡ ಮೇಲೆ ಇಡೀ ದೇಶಕ್ಕೆ ಒಂದೇ ಫ್ರೀಕ್ವೆನ್ಸಿ (ಕರೆಂಟ್ ಸೆಕೆಂಡಿಗೆ ಎಷ್ಟು ಬಾರಿ ಮಿಡಿಯುತ್ತದೆ ಎಂಬ ಅಳತೆ). ಅದು 49.90ರಿಂದ 50.05 ಹರ್ಟ್ಸ್ ನಡುವೆ ಇರಬೇಕು. ಎಲ್ಲೋ ದೊಡ್ಡ ಸ್ಥಾವರ ಬಿದ್ದರೆ ಮುಳ್ಳು ಕೆಳಗೆ, ಬೇಡಿಕೆ ಕುಸಿದರೆ ಮೇಲೆ. ಕೆಪಿಟಿಸಿಎಲ್‌ನ ಬೆಂಗಳೂರಿನ ಲೋಡ್ ಡಿಸ್ಪ್ಯಾಚ್ ಕೇಂದ್ರ ಈ ಅಂಕಿಯನ್ನು ಜಾಲತಾಣದಲ್ಲಿ ತೋರಿಸುತ್ತದೆ. ದೇಶದ ಮುಕ್ಕಾಲು ಪಾಲು ಜಾಲ ಬಿದ್ದಿದ್ದರೆ ಆ ಪುಟವನ್ನು ತೆರೆಯಲೂ ಕರೆಂಟ್ ಇರುತ್ತಿರಲಿಲ್ಲ ಬಿಡಿ.

ತಪ್ಪು ಸುದ್ದಿ ಸೇನೆಗಳಿಗಷ್ಟೇ ತೊಡಕಲ್ಲ. ಮೇ 7ರಂದು ಪಾಕ್ ಶೆಲ್ ದಾಳಿಯಲ್ಲಿ ಪೂಂಚ್‌ನ ಮದರಸಾ ಶಿಕ್ಷಕರೊಬ್ಬರು ಸತ್ತರು. ಅವರ ಫೋಟೊ ಹಾಕಿ ‘ಹತನಾದ ಭಯೋತ್ಪಾದಕ’ ಎಂದು ನಮ್ಮದೇ ರಾಷ್ಟ್ರೀಯ ವಾಹಿನಿಗಳು ತೋರಿಸಿದವು. ಪೂಂಚ್ ಪೊಲೀಸರು ನಿರಾಕರಿಸಿ ಹೇಳಿಕೆ ಕೊಡಬೇಕಾಯಿತು. ಒಂದು ಹೆಸರು, ಒಂದು ಫೋಟೊ, ಇಷ್ಟು ಸಾಕಾಗಿತ್ತು. ಠಾಣೆಗೆ ಒಂದು ಕರೆ ಹೋಗಿದ್ದರೆ ಆ ಕುಟುಂಬಕ್ಕೆ ಎರಡನೇ ಪೆಟ್ಟು ಬೀಳುತ್ತಿರಲಿಲ್ಲ. ಇದರ ಪಕ್ಕದಲ್ಲಿ ನಮ್ಮ ಬೆಳಗಾವಿಯ ಪ್ರಕರಣ ಇಟ್ಟು ನೋಡಿ. ಕಾರ್ಯಾಚರಣೆಯ ವಿವರವನ್ನು ಮಾಧ್ಯಮಕ್ಕೆ ಕೊಡುತ್ತಿದ್ದ ಕರ್ನಲ್ ಸೋಫಿಯಾ ಖುರೇಷಿ ಅವರ ಪತಿಯ ಕಡೆಯ ಮನೆಯ ಮೇಲೆ ದಾಳಿ ಆಗಿದೆ ಎಂಬ ಎಕ್ಸ್ ಪೋಸ್ಟ್ ಮೇ ಮಧ್ಯದಲ್ಲಿ ಹರಿದಾಡಿತು. ಜಿಲ್ಲೆಯ ಎಸ್‌ಪಿ ಅದು ಶುದ್ಧ ಸುಳ್ಳು ಎಂದರು, ಪ್ರಕರಣ ದಾಖಲಾಯಿತು, ಸುದ್ದಿ ಅಲ್ಲಿಗೇ ನಿಂತಿತು. ಕೇಳಿ ತಿಳಿಯಬಹುದಾದ ಅಧಿಕಾರಿ, ಹೋಗಿ ನೋಡಬಹುದಾದ ಊರು ಇದ್ದ ಕಡೆ ಸುಳ್ಳಿಗೆ ಆಯಸ್ಸು ಕಡಿಮೆ.

ಏಪ್ರಿಲ್ 26ರಂದು ಕೇಂದ್ರ ಸರ್ಕಾರ ಸೇನಾ ಕಾರ್ಯಾಚರಣೆಯ ನೇರಪ್ರಸಾರ ಬೇಡ ಎಂದು ಸೂಚನೆ ಕೊಟ್ಟಿತ್ತು. ಭಯೋತ್ಪಾದನೆ ನಿಗ್ರಹ ಕಾರ್ಯಾಚರಣೆ ಮುಗಿಯುವ ತನಕ ನಿಯೋಜಿತ ಅಧಿಕಾರಿಯ ವಿವರಣೆಗಷ್ಟೇ ಅವಕಾಶ ಎಂಬ ಕೇಬಲ್ ಟಿ.ವಿ. ನಿಯಮ 6(1)(ಪಿ) ಅನ್ನು ನೆನಪಿಸಿತ್ತು. ನಿಯಮ ಸರಿಯಾದದ್ದೇ. ಆದರೆ ಒಂದು ವಿವರಣೆಗೂ ಮುಂದಿನದಕ್ಕೂ ನಡುವಿನ ಖಾಲಿ ಗಂಟೆಗಳನ್ನು ವಾಹಿನಿಗಳು ಊಹೆಯಿಂದ ತುಂಬಿದವು. ಸ್ಟುಡಿಯೊದಲ್ಲಿ ಸೈರನ್ ಬಾರಿಸಬೇಡಿ ಎಂದು ಮೇ 10ರಂದು ಕೇಂದ್ರ ಗೃಹ ಇಲಾಖೆ ಪ್ರತ್ಯೇಕವಾಗಿ ಹೇಳಬೇಕಾಯಿತು! ಸುಳ್ಳು ಸುದ್ದಿಯನ್ನು ಎದುರಿಸುವುದರಲ್ಲೇ ಪಡೆಗಳ ಶೇ 15ರಷ್ಟು ಸಮಯ ಹೋಯಿತು ಎಂದು ಜನರಲ್ ಚೌಹಾಣ್ ಸಿಂಗಪುರದಲ್ಲಿ ಲೆಕ್ಕ ಕೊಟ್ಟರು. ಅದರಲ್ಲಿ ನಮ್ಮ ವಾಹಿನಿಗಳ ಪಾಲು ಎಷ್ಟು ಎಂದು ಅವರನ್ನು ಕೇಳಬೇಕಿತ್ತು.

ಸ್ವಂತ ಕಡೆಯ ನಷ್ಟವನ್ನು ಮುಚ್ಚಿಟ್ಟರೆ ಸ್ವಂತ ಕಡೆಯ ಶೌರ್ಯದ ಪುರಾವೆಯೂ ಅದರಡಿ ಹೂತುಹೋಗುವುದುಂಟು. ಕೊಡಗಿನ ಸ್ಕ್ವಾಡ್ರನ್ ಲೀಡರ್ ಎ.ಬಿ. ದೇವಯ್ಯ 1965ರ ಸೆಪ್ಟೆಂಬರ್ 7ರಂದು ಆದಂಪುರದಿಂದ ಮಿಸ್ಟೇರ್ ವಿಮಾನದಲ್ಲಿ ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಹೋದವರು ಮರಳಲಿಲ್ಲ. ನಮ್ಮ ದಾಖಲೆಯಲ್ಲಿ ಅವರು ಕಾಣೆಯಾದವರು, ಅಷ್ಟೇ. ತಮಗಿಂತ ಎಷ್ಟೋ ವೇಗದ ಎಫ್-104 ಸ್ಟಾರ್‌ಫೈಟರ್ ಅನ್ನು ಅವರು ಹೊಡೆದು ಕೆಡವಿದ್ದರು ಎಂಬುದಕ್ಕೆ ಸುಳಿವು ಸಿಕ್ಕಿದ್ದು 1979ರಲ್ಲಿ, ಪಾಕ್ ವಾಯುಪಡೆಯ ನೆರವು ಪಡೆದು ಬ್ರಿಟಿಷ್ ಲೇಖಕನೊಬ್ಬ ಬರೆದ ಪುಸ್ತಕದಿಂದ. ಮಹಾವೀರ ಚಕ್ರ ಬಂದದ್ದು 1988ರಲ್ಲಿ. ಆಚೆಯ ದಾಖಲೆಯನ್ನು ಓದದೆ ನಮ್ಮ ಲೆಕ್ಕ ಪೂರ್ತಿಯಾಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಕನ್ನಡದ ಓದುಗರಿಗೆ ಬೇಕೆ? 2019ರ ಫೆಬ್ರುವರಿ 27ರಂದು ಕಾಶ್ಮೀರದ ಬಡ್ಗಾಂನಲ್ಲಿ ಬಿದ್ದ ಎಂಐ-17 ಹೆಲಿಕಾಪ್ಟರಿನ ವಿಷಯವೂ ಹಾಗೆಯೇ: ಆರು ಮಂದಿ ವಾಯುಪಡೆ ಸಿಬ್ಬಂದಿ, ಒಬ್ಬ ನಾಗರಿಕ ಸತ್ತಿದ್ದರು. ಹೊಡೆದದ್ದು ನಮ್ಮದೇ ಕ್ಷಿಪಣಿ ಎಂದು ವಾಯುಪಡೆ ಮುಖ್ಯಸ್ಥರು ಒಪ್ಪಿಕೊಂಡದ್ದು ಅಕ್ಟೋಬರ್‌ನಲ್ಲಿ. ಆ ಹೊತ್ತಿಗೆ ಸುದ್ದಿ ಒಳಪುಟ ಸೇರಿತ್ತು.

ತಮ್ಮ ಪತ್ರಿಕೆಯಲ್ಲಿ ರಕ್ಷಣಾ ಸುದ್ದಿಯ ಜೊತೆ, ಹೇಳಿದವರು ಯಾರು, ಯಾವ ಹುದ್ದೆಯವರು, ಎಲ್ಲಿ ಹೇಳಿದರು, ಪತ್ರಿಕೆ ಸ್ವತಃ ನೋಡಿದ ಪುರಾವೆ ಯಾವುದು, ಎದುರು ಪಕ್ಷ ಏನೆನ್ನುತ್ತದೆ ಎಂಬುದು ಮೊದಲ ಮೂರು ಪ್ಯಾರಾದೊಳಗೆ ಬರಲಿ. ಬರೀ ‘ಮೂಲಗಳ ಪ್ರಕಾರ’ ಎಂದು ಬಂದ ಸಾವುನೋವಿನ ಸಂಖ್ಯೆ ತಲೆಬರಹಕ್ಕೆ ಏರದಿರಲಿ. ತಿದ್ದುಪಡಿಯನ್ನು ಏಳನೇ ಪುಟದ ಮೂಲೆಗೆ ತಳ್ಳದೆ ತಪ್ಪು ಬಂದ ಪುಟದಲ್ಲೇ ಹಾಕಿ. ಮೊದಲಿಗೆ, ಮೇ 7ರಿಂದ 10ರವರೆಗೆ ತಾವು ಪ್ರಕಟಿಸಿದ ಸಂಚಿಕೆಗಳನ್ನು ತೆಗೆದು, ಅದರಲ್ಲಿ ನಿಂತ ಸುದ್ದಿ ಯಾವುದು, ಬಿದ್ದ ಸುದ್ದಿ ಯಾವುದು, ಇನ್ನೂ ಇತ್ಯರ್ಥವಾಗದೆ ಉಳಿದದ್ದು ಯಾವುದು ಎಂದು ಒಂದು ಪಟ್ಟಿ ಮಾಡಿಸಿ ಭಾನುವಾರದ ಪುರವಣಿಯಲ್ಲಿ ಪ್ರಕಟಿಸಬೇಕೆಂದು ಕೋರಿಕೆ. ಅರ್ಧ ಪುಟ ಸಾಕಾದೀತು.

ಇಂತಿ,
ಓದುಗ, ಬೆಂಗಳೂರು