ಪಿಷ್ಟ ಪರೀಕ್ಷೆ: ತಪ್ಪು ಅಯೋಡಿನ್ನಿನದ್ದಲ್ಲ

ಮಾನ್ಯರೇ,

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಎಲೆಯ ಪಿಷ್ಟ ಪರೀಕ್ಷೆ ಮಾಡಿಸುವವರ ಗಮನಕ್ಕೆ. ಬೆಳಕು ಬಿದ್ದ ಕಡೆ ಮಾತ್ರ ಎಲೆ ಪಿಷ್ಟ ತಯಾರಿಸುತ್ತದೆ ಎಂದು ತೋರಿಸುವ ಪ್ರಯೋಗ ಇದು; ಪಿಷ್ಟವಿದ್ದಲ್ಲಿ ಅಯೋಡಿನ್ ನೀಲಿಗಪ್ಪಾಗುತ್ತದೆ. ಕಪ್ಪು ಕಾಗದ ಮುಚ್ಚಿದ ಭಾಗವೂ ನೀಲಿಗಪ್ಪಾದರೆ ಅಯೋಡಿನ್ನನ್ನು ದೂರಬೇಡಿ. ಕುಂಡದ ದಾಸವಾಳವನ್ನು ಮೊದಲು 48 ಗಂಟೆ ಕತ್ತಲಲ್ಲಿಡದಿದ್ದರೆ ಹಳೆಯ ಪಿಷ್ಟ ಎಲೆಯಲ್ಲೇ ಉಳಿದಿರುತ್ತದೆ. ಆಮೇಲೆ ಕಾಗದ ಸಿಕ್ಕಿಸಿ 4–6 ಗಂಟೆ ಬಿಸಿಲು. ನಮ್ಮ ಆಟಿ ತಿಂಗಳ ಮೋಡದಲ್ಲಿ ಈ ಪ್ರಯೋಗಕ್ಕೆ ಕೈಹಾಕದಿರುವುದೇ ಲೇಸು.

ಎಲೆಯನ್ನು ಒಂದು ನಿಮಿಷ ನೀರಲ್ಲಿ ಕುದಿಸಿ, ಸ್ಪಿರಿಟ್ಟಿನ ಪ್ರನಾಳಕ್ಕೆ ಹಾಕಿ, ಒಲೆ ಆರಿಸಿದ ಬಿಸಿನೀರಿನ ಬೀಕರಿನಲ್ಲಿಡಿ. ಸ್ಪಿರಿಟ್ 78 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ, ಆವಿಗೆ ಬೆಂಕಿ ಹತ್ತುತ್ತದೆ. ಹಸಿರು ಬಿಟ್ಟ ಎಲೆ ಗರಿಗರಿಯಾಗಿರುತ್ತದೆ. ಬಿಸಿನೀರಲ್ಲಿ ಅದ್ದಿ ಮೆತ್ತಗಾಗಿಸಿಯೇ ಅಯೋಡಿನ್ ಹನಿಸಿ.

ಇನ್ನೊಂದು ಎಲೆಗೆ ಅದೇ ಅಳತೆಯ ಪಾರದರ್ಶಕ ಪ್ಲಾಸ್ಟಿಕ್ ಸಿಕ್ಕಿಸಿ ನೋಡಿ. ಅಲ್ಲಿ ನೀಲಿಗಪ್ಪು ಬಂದರೆ ಮಾತ್ರ, ಕಾಗದ ತಡೆದದ್ದು ಗಾಳಿಯನ್ನಲ್ಲ, ಬೆಳಕನ್ನು ಎನ್ನಬಹುದು.

– ಜೀವಶಾಸ್ತ್ರ ಅಧ್ಯಾಪಕರು, ಕುಂಬಳೆ