ಶನಿವಾರದ ಪ್ರಾಕ್ಟೀಸಿಗೆ ಮುಂಚೆ

ಬೆಂಗಳೂರು
ಗುರುವಾರ ರಾತ್ರಿ

ಪ್ರೀತಿಯ ಪುಟ್ಟೂ,

ಯೇಸುಸ್ವಾಮಿ ನಿನ್ನನ್ನು ಆಶೀರ್ವದಿಸಲಿ. ನಮ್ಮ ಚರ್ಚಿನ ಸಭೆಯ ಹಾಡಿನ ಜವಾಬ್ದಾರಿ ನಿನ್ನ ಕೈಗೆ ಬಂತು ಅಂತ ನಿನ್ನಮ್ಮ ಫೋನಿನಲ್ಲಿ ಹೇಳಿದಳು. ತುಂಬ ಖುಷಿಯಾಯಿತು. ಕಳೆದ ಭಾನುವಾರ ನೀನು ಗಿಟಾರ್ ಹಿಡಿದು ನಿಂತಾಗ ನಾನು ಹಿಂದಿನ ಬೆಂಚಿನಲ್ಲಿದ್ದೆ. ಚೆನ್ನಾಗಿ ನುಡಿಸಿದೆ ಮಗನೇ. ಆದರೆ ಎರಡನೇ ಹಾಡು ಬರುವಷ್ಟರಲ್ಲಿ ನನ್ನ ಅಕ್ಕಪಕ್ಕದವರೆಲ್ಲ ಬಾಯಿ ಮುಚ್ಚಿಕೊಂಡು ನಿಮ್ಮನ್ನು ನೋಡುತ್ತ ನಿಂತಿದ್ದರು. ಅದು ಮನಸ್ಸಿನಲ್ಲೇ ಕೊರೆಯುತ್ತಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಡ್ರಮ್ಸ್ ಬೇಡ ಅಂತ ನಾನು ಹೇಳುವುದಿಲ್ಲ. ಬೈಬಲಿನ 150ನೇ ಕೀರ್ತನೆಯಲ್ಲೇ ದಮ್ಮಡಿ, ತಾಳ, ತುತ್ತೂರಿ ಎಲ್ಲ ಇವೆ. ನಾನು ಕೇಳುವುದು ಒಂದೇ. ನೀನು ಹಾಡುವಾಗ ಸಭೆಯ ದನಿ ನಿನಗೆ ಕೇಳಿಸುತ್ತದಾ? ಕೇಳಿಸದಿದ್ದರೆ ಸೌಂಡು ಇಳಿಸಲು ಹೇಳು. ಕೊನೆಯ ಚರಣಕ್ಕೆ ವಾದ್ಯ ಪೂರ್ತಿ ನಿಲ್ಲಿಸಿ ನೋಡು, ಜನ ಹಾಡುತ್ತಿದ್ದಾರೋ ಇಲ್ಲವೋ ಆಗ ಗೊತ್ತಾಗುತ್ತದೆ.

ಹಾಡದೇ ಇರುವುದಕ್ಕೆ ಶ್ರುತಿಯೂ ಒಂದು ಕಾರಣ. ಯೂಟ್ಯೂಬಿನಲ್ಲಿ ಹಾಡಿದವರು ಪಳಗಿದ ಗಂಟಲಿನವರು. ನೀನು ಅವರ ಸ್ಕೇಲನ್ನೇ ಇಟ್ಟುಕೊಳ್ಳುತ್ತೀಯ. ನಮ್ಮ ಹೆಂಗಸರಿಗೆ, ವಯಸ್ಸಾದವರಿಗೆ ಮೇಲಿನ ಡಿ ಸ್ವರ ದಾಟಿದರೆ ದನಿ ಏರುವುದಿಲ್ಲ. ಕೀಬೋರ್ಡಿನಲ್ಲಿ ಟ್ರಾನ್ಸ್‌ಪೋಸ್ ಬಟನ್ ಇದೆಯಲ್ಲ, ಒಂದು ಸಲ ಒತ್ತಿದರೆ ಅರ್ಧ ಸ್ವರ ಇಳಿಯುತ್ತದೆ. ಮೂರು ಸಲ ಒತ್ತು. ನಿನ್ನ ದನಿಗೆ ಅದು ಸ್ವಲ್ಪ ಸಪ್ಪೆ ಅನ್ನಿಸಬಹುದು, ಪರವಾಗಿಲ್ಲ.

ಇನ್ನು ಮಾತಿನ ವಿಷಯ. ಇದು ನನಗೆ ಜಾಸ್ತಿ ನೋವು ಕೊಡುತ್ತದೆ. ಇಂಗ್ಲಿಷ್ ಹಾಡಿನ ರಾಗಕ್ಕೆ ಕನ್ನಡ ತುಂಬಿಸಿದ್ದೀರಿ. ಮೊನ್ನೆ ‘ದೇವರ ಕುರಿಮರಿ’ ಅನ್ನುವಲ್ಲಿ ತಾಳದ ಗಟ್ಟಿ ಪೆಟ್ಟು ‘ಮ’ ಮೇಲೆ ಬಿತ್ತು. ಅದನ್ನು ನೀವು ಎಳೆದಿರಿ. ನನಗೆ ‘ಕುರಿ ಮಾರಿ’ ಅಂತ ಕೇಳಿಸಿತು. ನಮಗಾಗಿ ಪ್ರಾಣ ಕೊಟ್ಟವನ ಹೆಸರು ಹಾಗಾಗಬಾರದು. ಕನ್ನಡದಲ್ಲಿ ಹ್ರಸ್ವ ದೀರ್ಘವಾದರೆ ಅರ್ಥವೇ ಬದಲಾಗುತ್ತದೆ, ಅಲ್ವಾ? ಹಳೆಯದೆಲ್ಲ ಸರಿ ಅಂತಲ್ಲ. ನಮ್ಮ ಹಳೇ ಗೀತೆಗಳಲ್ಲೂ ಪರದೇಶದ ರಾಗಕ್ಕೆ ಎಳೆದು ಕಟ್ಟಿದವು ಬೇಕಾದಷ್ಟಿವೆ.

ಆದರೆ ಮೇಯೋ ಹಾಲ್ ಹತ್ತಿರ ಪ್ರತಿಮೆಯಾಗಿ ನಿಂತಿರುವ ಕಿಟೆಲ್ ಅಯ್ಯನವರನ್ನು ನೆನೆಸಿಕೋ. ಜರ್ಮನಿಯಿಂದ ಬಂದ ಪಾದ್ರಿ ಅವರು. 1894ರ ಅವರ ನಿಘಂಟು ಎಲ್ಲರಿಗೂ ಗೊತ್ತು. ಅದಕ್ಕೂ ಎಷ್ಟೋ ಮುಂಚೆ, 1862ರಲ್ಲಿ, ಯೇಸುವಿನ ಕಥೆಯನ್ನು ಕನ್ನಡದ್ದೇ ಛಂದಸ್ಸಿನಲ್ಲಿ ಬರೆದರು. 1875ರಲ್ಲಿ ನಾಗವರ್ಮನ ಛಂದಸ್ಸಿನ ಪುಸ್ತಕ ಛಂದೋಂಬುಧಿಯನ್ನು ಸಂಪಾದಿಸಿ ಅಚ್ಚು ಹಾಕಿಸಿದರು. ಹೊರಗಿನಿಂದ ಬಂದವರು ನಮ್ಮ ಮಾತ್ರೆ, ಗಣಗಳನ್ನು ಕೂತು ಕಲಿತರು. ನೀನು ಇಲ್ಲೇ ಹುಟ್ಟಿದವನು. ಹೊಸ ಹಾಡನ್ನು ಮೊದಲು ರಾಗವಿಲ್ಲದೆ, ಮಾತನಾಡುವ ಹಾಗೆ ಓದು. ನಾಲಿಗೆ ಎಲ್ಲಿ ನಿಲ್ಲುತ್ತದೋ ರಾಗವೂ ಅಲ್ಲೇ ನಿಲ್ಲಲಿ. ಪರದೆಯ ಮೇಲೆ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಹಾಕುವುದಾದರೆ ಕೆಳಗೆ ಕನ್ನಡದ ಅಕ್ಷರವೂ ಇರಲಿ.

ಹೋದ ವರ್ಷ ಹೊಸೂರು ರಸ್ತೆಯ ಸಮಾಧಿ ತೋಟದಲ್ಲಿ ನಮ್ಮ ನೆಂಟರೊಬ್ಬರನ್ನು ಮಣ್ಣು ಮಾಡಿದೆವು. ನೀನೂ ಇದ್ದೆ. ನಮ್ಮ ಸಭೆಯ ಅಯ್ಯನವರು ಹಾಡಿ ಅಂದಾಗ ಹುಡುಗರೆಲ್ಲ ಫೋನು ತೆಗೆದಿರಿ. ಬಿಸಿಲಿಗೆ ಅಕ್ಷರ ಕಾಣಲಿಲ್ಲ. ಎರಡನೇ ಚರಣಕ್ಕೆ ಹಾಡು ನಿಂತೇ ಹೋಯಿತು. ಸತ್ತವರ ಮಗಳು ತಲೆ ಎತ್ತಿ ನಮ್ಮನ್ನೆಲ್ಲ ನೋಡಿದಳು. ಆ ನೋಟ ನನಗಿನ್ನೂ ಮರೆತಿಲ್ಲ. ತಪ್ಪು ನಿಮ್ಮದೊಂದೇ ಅಲ್ಲ. ನಿಮಗೆ ಬಾಯಿಪಾಠ ಮಾಡಿಸಬೇಕಾದವರು ನಾವು, ನಾವು ಮಾಡಿಸಲಿಲ್ಲ. ಕೊನೆಯ ಊಟ ಮುಗಿಸಿ ಯೇಸುವೂ ಶಿಷ್ಯರೂ ಹಾಡು ಹಾಡಿಯೇ ಎಣ್ಣೆಮರಗಳ ಗುಡ್ಡಕ್ಕೆ ಹೋದರು ಅಂತ ಮತ್ತಾಯನು ತನ್ನ ಸುವಾರ್ತೆಯಲ್ಲಿ ಬರೆದಿದ್ದಾನೆ. ಅಂಥ ರಾತ್ರಿಯಲ್ಲಿ ಬಾಯಿಗೆ ಬರುವುದು ಮನಸ್ಸಿನಲ್ಲಿ ಊರಿದ ಹಾಡೇ.

ಅದಕ್ಕೆ ವಾರವಾರ ಹೊಸ ಹಾಡು ತರಬೇಡ. ತಿಂಗಳಿಗೆ ಒಂದು ಸಾಕು. ಅದನ್ನು ನಾಲ್ಕು ಭಾನುವಾರವೂ ಹಾಡಿಸು. ಸಂಡೇ ಸ್ಕೂಲ್ ಮಕ್ಕಳಿಗೆ ಮೊದಲೇ ಕಲಿಸಿಬಿಡು, ಅವರೇ ಮನೆಗೆ ಹೊತ್ತುಕೊಂಡು ಹೋಗುತ್ತಾರೆ. ಹಳೆಯದರಲ್ಲಿ ಒಂದು ಹತ್ತು ಹಾಡುಗಳನ್ನು ನಿಮ್ಮ ಟೀಮಿನವರು ಪುಸ್ತಕ ನೋಡದೆ ಕಲಿಯಿರಿ. ಯಾವುದು ಅಂತ ನಾನು ಗುರುತು ಹಾಕಿಕೊಡುತ್ತೇನೆ.

ಶನಿವಾರ ಸಂಜೆ ಆರಕ್ಕೆ ಪ್ರಾಕ್ಟೀಸ್ ಅಲ್ವಾ? ನಾನೂ ಬರುತ್ತೇನೆ. ಮೂರನೇ ಬೆಂಚಿನಲ್ಲಿ ಕೂತು ನಿಮ್ಮ ಜೊತೆ ಹಾಡುತ್ತೇನೆ. ನನ್ನ ದನಿ ಎಲ್ಲಿ ಏರದೋ ಅಲ್ಲಿ ಕೈ ಎತ್ತುತ್ತೇನೆ, ನೀನು ಶ್ರುತಿ ಇಳಿಸು.

ನಿನ್ನ
ದೊಡ್ಡಮ್ಮ